ಮರಿಲಿಂಗಮ್ಮ ಹೊರಬಂದರೂ ನಿಲ್ಲದ ಕೆಲಸ

ಬೋನಾಳದಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕೆರೆ ಕಡೆಯಿಂದ ಹಕ್ಕಿಗಳ ಗದ್ದಲ ಶುರುವಾಗಿದೆ. ಮನೆಯ ಕಟ್ಟೆಯ ಮೇಲೆ ಮರಿಲಿಂಗಮ್ಮ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಾರೆ. ಪರದೆಯಲ್ಲಿ ಕಾಣುತ್ತಿರುವುದು ಶಹಾಪುರದ ಕಾಲುವೆ ಕಚೇರಿಯ ಸರ್ವರ್. ಕಚೇರಿಯ ಬೀಗ ಇನ್ನೂ ತೆಗೆದಿಲ್ಲ, ಈಕೆ ಮಾತ್ರ ದೂರದಿಂದಲೇ ಆ ಮಷಿನ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಆಗಲೇ ಒಳಗಿದ್ದಾರೆ. ಬೆರಳು ‘ಸೈನ್ ಔಟ್’ ಹತ್ತಿರ ಹೋಗಿ ಹೋಗಿ ವಾಪಸ್ ಬರುತ್ತಿದೆ.

“ಒಂದ್ಸಲ ಒತ್ತೂದದ, ಅಷ್ಟಕ್ಕ ಎದಿ ಹೆಂಗ ಹೊಡ್ಕೋತದ ನೋಡ್ರಿ,” ಎಂದು ನಗುತ್ತಾರೆ.

ಗುತ್ತಿಗೆಯ ಕಂಪ್ಯೂಟರ್ ಆಪರೇಟರ್ ಕೆಲಸ ಇವರದು. ಸುಮಾರು ಅರವತ್ತು ಗೇಟುಗಳ ಕಾವಲುಗಾರರು ಬೆಳಿಗ್ಗೆ ಕಳಿಸುವ ನೀರಿನ ಮಟ್ಟ ಸರ್ವರ್‌ನ ಡೇಟಾಬೇಸ್ ಸೇರುತ್ತದೆ. ಅದನ್ನು ನೋಡಿ ಒಂದು ಸಣ್ಣ ಪ್ರೋಗ್ರಾಂ ಯಾವ ಊರಿಗೆ ನೀರಿನ ಪಾಳಿ ಎಂದು ಆ ಕಾವಲುಗಾರರಿಗೆ ಮೆಸೇಜ್ ಕಳಿಸುತ್ತದೆ. ಮೆಸೇಜ್ ಬಾರದೆ ಗೇಟ್ ಎತ್ತುವಂತಿಲ್ಲ.

ಹೋದ ಹಂಗಾಮಿನಲ್ಲಿ ಎಡವಟ್ಟಾಯಿತು. ದೀಪ ಆರಿಸದೆ ಕೋಣೆ ಬಿಡದ ಹೆಣ್ಣುಮಗಳು, ಸಂಜೆ ಅಚ್ಚುಕಟ್ಟಾಗಿ ಸೈನ್ ಔಟ್ ಮಾಡಿದರು. ಮರುದಿನ ಕಾಲುವೆಯ ಕೊನೆಯ ಗೇಟಿನ ಕಾವಲುಗಾರ ಬಸವಂತ್ರಾಯ ಮೆಸೇಜಿಗೆ ಕಾದರು, ಕಾದೇ ಇದ್ದರು. ಕೆಳಗಿನ ಊರಿನ ಭತ್ತದ ಸಸಿಗಳು ಬಾಡಿದವು. ಆ ಸಂಕಟ ಮರಿಲಿಂಗಮ್ಮನ ಮುಖದಲ್ಲಿ ಇಂದಿಗೂ ಕಾಣುತ್ತದೆ.

ಡೇಟಾಬೇಸ್ ನಡೆದೇ ಇತ್ತು, ಮೆಸೇಜಿನ ಪ್ರೋಗ್ರಾಂ ಮಾತ್ರ ನಿಂತಿತ್ತು. ಯಾಕೆ? ತಲೆಗೆ ಹುಳ ಹೊಕ್ಕಿತು. ಸೈನ್ ಔಟ್ ಮಾಡದೆ ಪರದೆಯ ಮೇಲಿನ ರಿಮೋಟ್ ಕಿಟಕಿಯನ್ನು ಬರೀ ಮುಚ್ಚಿ ನೋಡಿದರು, ಪ್ರೋಗ್ರಾಂ ನಡೆಯಿತು. ಸೈನ್ ಔಟ್ ಮಾಡಿ ನೋಡಿದರು, ನಿಂತಿತು.

“ಕದ ಮುಂದ ಮಾಡ್ಕೊಂಡು ಬಂದ್ರ ಒಳಗ ಒಲಿ ಉರೀತಿರ್ತದ್ರಿ. ಸೈನ್ ಔಟ್ ಅಂದ್ರ ಒಲಿನೂ ಆರಿಸಿ ಬಂದಂಗ. ಡೇಟಾಬೇಸ್ ನಾ ಹಚ್ಚಿದ ಒಲಿ ಅಲ್ಲ, ಅದು ಸರ್ವಿಸು. ಮಷಿನ್ ಎದ್ರ ತಾನೂ ಏಳ್ತದ, ಯಾರು ಬಂದ್ರೂ ಹೋದ್ರೂ ಅದಕ್ಕೇನೂ ಇಲ್ಲ.”

ಅಂದಿನಿಂದ ಸೈನ್ ಔಟ್ ಮುಟ್ಟಿಲ್ಲ. ಆದರೆ ಶಹಾಪುರದಲ್ಲಿ ಕರೆಂಟ್ ಹೋಗಿ ಮಷಿನ್ ಮತ್ತೆ ಶುರುವಾದರೆ ಪ್ರೋಗ್ರಾಮನ್ನು ಇವರೇ ಎಬ್ಬಿಸಬೇಕು. ಹಾಗಾಗಿ ಊರು ಬಿಡುವಂತಿಲ್ಲ. ಗುರುಮಠಕಲ್ ಕಡೆ ಅಕ್ಕನ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅಕ್ಕನ ಮುಖ ನೋಡಿ ವರ್ಷವಾಗಿದೆ. ಕೊನೆಗೆ ಯಾದಗಿರಿಯಿಂದ ಸರ್ವರ್ ನೋಡಿಕೊಳ್ಳುವ ಖಾಜಾಹುಸೇನರನ್ನೇ ಕೇಳಿದರು: “ಅಣ್ಣಾ, ಡೇಟಾಬೇಸ್ ತಾನೇ ಏಳ್ತದಂದ್ರ ಇದ್ಯಾಕ ಏಳಬಾರದು?” ಅವರು ನಿನ್ನೆ ಪ್ರೋಗ್ರಾಮನ್ನೂ ಸರ್ವಿಸ್ ಮಾಡಿಕೊಟ್ಟಿದ್ದಾರೆ. ಇನ್ನು ಈಕೆ ಸೈನ್ ಔಟ್ ಮಾಡಿದರೂ, ಕರೆಂಟ್ ಹೋಗಿ ಬಂದರೂ ಅದು ತಾನೇ ನಡೆಯಬೇಕು.

ಇಂದು ಪಾಳಿ ಅದೇ ಕೊನೆಯ ಗೇಟಿನದು. ಮರಿಲಿಂಗಮ್ಮ ಕಣ್ಣು ಮುಚ್ಚಿ ಸೈನ್ ಔಟ್ ಒತ್ತುತ್ತಾರೆ. ಚಹಾ ಆರಿಹೋಗುತ್ತದೆ. ಫೋನ್ ಬಡಿದುಕೊಂಡ ಕೂಡಲೇ ಎತ್ತುತ್ತಾರೆ.

“ಯವ್ವಾ, ಮೆಸೇಜ್ ಬಂತು. ಗೇಟ್ ಎತ್ತಾಕತ್ತೀನಿ,” ಬಸವಂತ್ರಾಯರ ದನಿ. “ಇಷ್ಟು ಲಗೂನ ಆಫೀಸಿನ್ಯಾಗ ಕುಂತೀಯೇನು?”

“ಇಲ್ಲ ಕಾಕಾ, ಹೊರಗ ಬಂದೀನಿ.”

ಫೋನ್ ಇಟ್ಟು ಕಣ್ಣೊರೆಸಿಕೊಳ್ಳುತ್ತಾರೆ. “ಐತಾರ ಅಕ್ಕನ ಮನಿಗಿ ಹೋಗ್ತೀನ್ರಿ,” ಎಂದು ಲ್ಯಾಪ್‌ಟಾಪ್ ಮುಚ್ಚುತ್ತಾರೆ. “ಇದು ಇಲ್ಲೇ ಇರ್ಲಿ.”