ನಡುವೆ ನಿಂತ ಔಷಧಿ

ನಮ್ಮ ಪಿ.ಟಿ. ಮೇಡಂ ಅವರ ಎರಡೂ ಕೈಗಳು ಮೊಣಕೈಯವರೆಗೆ ಬಿಸಿಲಿಗೆ ಕಪ್ಪಾಗಿ, ಅಲ್ಲಿಂದ ಮೇಲೆ ಬೇರೆ ಯಾರದೋ ಕೈ ಅನ್ನುವಷ್ಟು ಬೆಳ್ಳಗಿದ್ದವು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ರಾಜಾಜಿನಗರದ ನಮ್ಮ ಶಾಲೆಯಲ್ಲಿ ಥ್ರೋಬಾಲ್ ಕಲಿಸುತ್ತಿದ್ದರು. ಗದಗದ ಕಡೆಯಿಂದ ಬಂದು ಎಂಟನೇ ಕ್ಲಾಸಿಗೆ ಸೇರಿದ್ದ ನನ್ನ ಮಾತು ಕೇಳಿ ಹುಡುಗಿಯರು ನಗುತ್ತಿದ್ದರು. ನಾನು ಬಾಯಿ ಬಿಡುವುದನ್ನೇ ನಿಲ್ಲಿಸಿದ್ದೆ. ಮೇಡಂ ಒಂದು ದಿನ ನನ್ನನ್ನು ಆಟಕ್ಕೆ ಎಳೆದು ನಿಲ್ಲಿಸಿ, "ಇಲ್ಲಿ ಕೂಗದಿದ್ರೆ ಬಾಲ್ ಯಾರ್ದು ಅಂತ ಗೊತ್ತಾಗಲ್ಲ ಕಣೇ. ನಿನ್ನ ಭಾಷೇಲೇ ಕೂಗು," ಅಂದರು. ಆ ವರ್ಷ ಇಡೀ ತಂಡ "ನಂದೈತಿ, ಬಿಡು!" ಎಂದು ಕೂಗುತ್ತಲೇ ಆಡಿತು.

ಮುಂದೆ ನಾನು ಕೆಲಸಕ್ಕೆ ಸೇರಿ ಆರ್‌ಪಿಸಿ ಲೇಔಟಿನಲ್ಲಿ ಮನೆ ಮಾಡಿದಾಗ, ಮೇಡಂ ಕೂಡ ತಮ್ಮ ತಾಯಿಯ ಜೊತೆ ಅದೇ ರಸ್ತೆಯಲ್ಲಿದ್ದರು. ಎರಡು ಸಾವಿರದ ಏಳರ ಸುಮಾರಿಗೆ ಅವರಿಗೆ ಸ್ತನ ಕ್ಯಾನ್ಸರ್ ಆಯಿತು. ಆಪರೇಷನ್, ಕೀಮೋ ಮುಗಿದ ಮೇಲೆ, ಅವರಿಗಿದ್ದ ಬಗೆಯ ಗಡ್ಡೆಗೆಂದೇ ಇರುವ ಔಷಧಿಯನ್ನು ಒಂದು ವರ್ಷ ಡ್ರಿಪ್‌ನಲ್ಲಿ ಕೊಡಬೇಕೆಂದರು. ಆಸ್ಪತ್ರೆಗೆ ಅವರ ಜೊತೆ ನಾನು ಹೋಗುತ್ತಿದ್ದೆ.

ಅರ್ಧ ವರ್ಷವಾಗುವಷ್ಟರಲ್ಲಿ, ಮೈದಾನವಿಡೀ ಓಡುತ್ತಿದ್ದವರಿಗೆ ಮನೆಯ ಮೆಟ್ಟಿಲು ಹತ್ತಿದರೆ ಏದುಸಿರು. ಎಕೋ ಮಾಡಿ ನೋಡಿದರೆ, ಆ ಔಷಧಿಯಿಂದಲೇ ಹೃದಯ ಸೋತಿತ್ತು. ಡಾಕ್ಟರು ಔಷಧಿ ನಿಲ್ಲಿಸಿಬಿಟ್ಟರು.

"ಕೊಟ್ಟಿರೋದು ಸಾಕಾಗುತ್ತಾ ಡಾಕ್ಟ್ರೇ?" ಮೇಡಂ ಕೇಳಿದರು.

"ಸದ್ಯಕ್ಕೆ ಎಲ್ರಿಗೂ ಒಂದು ವರ್ಷ ಅಂತ ಕೊಡ್ತೀವಿ. ಕಮ್ಮಿ ಕೊಟ್ರೂ ಸಾಕಾ ಅಂತ ಸಂಶೋಧನೆ ಮಾಡೋರು ಇನ್ನೂ ನೋಡ್ತಾ ಇದಾರೆ. ನಿಜ ಹೇಳ್ಬೇಕಂದ್ರೆ, ನಂಗೂ ಗೊತ್ತಿಲ್ಲ ಮೇಡಂ."

ಆಟೋದಲ್ಲಿ ಮೇಡಂ, "ಆಟ ಎಷ್ಟು ಪಾಯಿಂಟಿಗೆ ಮುಗಿಯುತ್ತೆ ಅಂತ ರೆಫರೀಗೇ ಗೊತ್ತಿಲ್ವಲ್ಲೇ," ಎಂದು ನಕ್ಕರು. ನಗು ಮುಗಿಯುವ ಮೊದಲೇ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡರು.

ಕೆಲವು ತಿಂಗಳಲ್ಲಿ ಹೃದಯ ಚೇತರಿಸಿಕೊಂಡಿತು. ಔಷಧಿ ಮತ್ತೆ ಶುರು ಮಾಡಿ ಎಂದು ಅವರೇ ಬೇಡಿಕೊಂಡರು. ಇನ್ನೊಂದು ಸಲ ಹೃದಯ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಒಪ್ಪಲಿಲ್ಲ. ಮೇಡಂ ಶಾಲೆಗೆ ಮರಳಿದರು. ಮರುವರ್ಷ ಲಿವರಿನಲ್ಲಿ ಅದೇ ಕ್ಯಾನ್ಸರ್ ಕಾಣಿಸಿಕೊಂಡಿತು.

ಕೊನೆಗೆ ಹಾಸಿಗೆ ಹಿಡಿದಾಗ ನನ್ನನ್ನು ಹತ್ತಿರ ಕರೆದು, "ಡಾಕ್ಟ್ರನ್ನ ಬೈಕೋಬೇಡಿ ಕಣೇ. ಅಮ್ಮಂಗೂ ಹೇಳು. ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದ್ರು, ಸುಳ್ಳು ಹೇಳ್ಲಿಲ್ಲ," ಅಂದರು. ಅದಾಗಿ ವಾರದೊಳಗೆ ತೀರಿಕೊಂಡರು.

ಕಾರ್ಯಗಳೆಲ್ಲ ಮುಗಿದ ಮೇಲೆ ಅವರ ತಾಯಿ ಒಮ್ಮೆ ಕೇಳಿದರು: "ವರ್ಷ ಪೂರ್ತಿ ಕೊಟ್ಟಿದ್ರೆ ನನ್ನ ಮಗು ಉಳೀತಿತ್ತೇನಮ್ಮಾ?"

"ಗೊತ್ತಿಲ್ಲ ಅಜ್ಜಿ," ಅಂದೆ.

ಅಜ್ಜಿ ತಲೆಯಾಡಿಸಿ, ಒಗೆದು ಒಣಗಿಸಿದ್ದ ಮಗಳ ಹೊದಿಕೆಯನ್ನು ಮಡಿಸಲು ಹೊರಟರು. ಒಬ್ಬರ ಕೈಯಲ್ಲಿ ಅದು ಆಗುತ್ತಿರಲಿಲ್ಲ. ಇನ್ನೊಂದು ತುದಿಯನ್ನು ನಾನು ಹಿಡಿದುಕೊಂಡೆ.