ಎರಡು ಸಹಿಗೆ ಒಂದು ಕುಕ್ಕರ್

ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಬಕೆಟ್, ಒಂದು ಗೋಡೆ ಗಡಿಯಾರ, ಜಿಪ್ ಕಿತ್ತುಹೋದ ಒಂದು ಬ್ಯಾಗು ಇವೆ. ಜಹೀರಾಬಾದಿನ ನಮ್ಮ ನೌಕರರ ಪತ್ತಿನ ಸಂಘದವರು ಒಂದೊಂದು ವರ್ಷದ ವಾರ್ಷಿಕ ಸಭೆಯಲ್ಲಿ ಸದಸ್ಯರಿಗೆಲ್ಲ ಹಂಚಿದ ಸಾಮಾನುಗಳು ಇವು. ಮೂರರ ಮೇಲೂ ಸಂಘದ ಹೆಸರು ದಪ್ಪ ಅಕ್ಷರದಲ್ಲಿದೆ. ಒಂದು ಕಾಲಕ್ಕೆ ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದೆ. ಈಗ ಆ ಬಕೆಟ್ಟಿನ ನೀರು ಮೈಮೇಲೆ ಸುರಿದುಕೊಳ್ಳಲು ಹೇಸಿಗೆಯಾಗುತ್ತದೆ. ಆದರೂ ಸುರಿದುಕೊಳ್ಳುತ್ತೇನೆ, ಬೇರೆ ಬಕೆಟ್ ತರುವ ಮನಸ್ಸಾಗಿಲ್ಲ.

ನಾಲ್ಕನೆಯದು ಒಂದು ಕುಕ್ಕರ್. ಅದು ನನ್ನ ಮನೆಯಲ್ಲಿಲ್ಲ, ಅಕ್ಕನ ಮನೆಯಲ್ಲಿದೆ.

ಅಕ್ಕ ಇರುವುದು ಕಂಗ್ಟಿ ಕಡೆಯ ಒಂದು ಹಳ್ಳಿಯಲ್ಲಿ. ಕುರಿ ಸಾಕುತ್ತಾಳೆ, ಜೊತೆಗೆ ತುಸು ಜೋಳ, ತೊಗರಿ. ನಾವು ಚಿಕ್ಕವರಿದ್ದಾಗ ಇಬ್ಬರಲ್ಲಿ ಒಬ್ಬರು ಕುರಿಗಳ ಹಿಂದೆ ಹೋಗಲೇಬೇಕಿತ್ತು. ಅವಳು ಹೋದಳು, ನಾನು ಶಾಲೆಗೆ ಹೋದೆ. ಹಾಗಾಗಿ ನಾನು ಇವತ್ತು ನೋಂದಣಿ ಕಚೇರಿಯಲ್ಲಿ ಗುಮಾಸ್ತ, ಅವಳು ಇವತ್ತಿಗೂ ಹೆಬ್ಬೆಟ್ಟು. ಕಚೇರಿಯಲ್ಲಿ ನನ್ನ ಬಾಯಿಂದ ದಿನಕ್ಕೆ ಐವತ್ತು ಸಲವಾದರೂ ಬರುವ ಮಾತು ಒಂದೇ: "ಓದ್ಕೊಂಡು ಸಹಿ ಮಾಡ್ರಿ. ಆಮ್ಯಾಲ ನನ್ನ ಮುಂದ ಬಂದು ಅಳಬ್ಯಾಡ್ರಿ." ತೆಲುಗಿನಲ್ಲಿ, ದಖನಿ ಉರ್ದುವಿನಲ್ಲಿ, ನಮ್ಮ ಕನ್ನಡದಲ್ಲಿ, ಮೂರರಲ್ಲೂ ಹೇಳುತ್ತೇನೆ. ಹೇಳುವಾಗ ಧ್ವನಿ ಸ್ವಲ್ಪ ಏರುತ್ತದೆ. ತಿಳಿದವನೆಂಬ ಗತ್ತು.

ಎರಡು ವರ್ಷದ ಹಿಂದೆ ಬಕ್ರೀದಿಗೆ ಮುಂಚೆ ಅಕ್ಕ ನಾರಾಯಣಖೇಡದ ಸಂತೆಯಲ್ಲಿ ತನ್ನ ಟಗರುಗಳನ್ನೆಲ್ಲ ಮಾರಿದಳು. ಒಳ್ಳೆ ದರ ಸಿಕ್ಕಿತ್ತು. ಆ ರೊಕ್ಕದಲ್ಲಿ ಕುರಿಗಳಿಗೊಂದು ಹಟ್ಟಿ ಕಟ್ಟಬೇಕು ಅನ್ನುವುದು ಅವಳ ಆಸೆ. ಮೇಲೆ ತಗಡು, ಕೆಳಗೆ ಹಾಸಲು ತಾಂಡೂರಿನ ಫರ್ಸಿ ಕಲ್ಲು. ಮಳೆಗಾಲದಲ್ಲಿ ಮರಿಗಳು ಕೆಸರಲ್ಲಿ ನಿಂತು ಗೊರಸು ಕೊಳೆಸಿಕೊಳ್ಳುತ್ತಿದ್ದವು, ಚಳಿ ಹಿಡಿದು ಸಾಯುತ್ತಿದ್ದವು. ಆದರೆ ಹಟ್ಟಿ ಕಟ್ಟುವ ಜಾಗ ಇನ್ನೂ ಅವಳ ಗಂಡನ ಅಣ್ಣತಮ್ಮಂದಿರಲ್ಲಿ ಪಾಲಾಗಿರಲಿಲ್ಲ. ಬೇಸಿಗೆಗೆ ಆಗುತ್ತದೆ ಅಂದಿದ್ದರು. ಅಲ್ಲಿಯವರೆಗೆ ರೊಕ್ಕ ಎಲ್ಲಿಡುವುದು ಎಂದು ನನ್ನನ್ನು ಕೇಳಿದಳು. ಓದಿದವನು ನಾನೇ ತಾನೆ.

ಮೊದಲು ಹೆದ್ದಾರಿ ಪಕ್ಕದ ಬ್ಯಾಂಕಿಗೇ ಕರೆದುಕೊಂಡು ಹೋದೆ. ಮೂಲೆಯಲ್ಲಿ ಗುಟ್ಕಾ ಉಗುಳಿದ ಕಲೆ, ಮೇಜಿಗೆ ಕಟ್ಟಿದ ದಾರ, ದಾರದ ತುದಿಯಲ್ಲಿ ಪೆನ್ನಿಲ್ಲ. ಒಂದೂವರೆ ತಾಸು ನಿಲ್ಲಿಸಿದರು. ಕೊನೆಗೆ ಎದುರಿಗೆ ಕೂತದ್ದು ಎಲ್ಲಿಂದಲೋ ವರ್ಗವಾಗಿ ಬಂದ, ಹಿಂದಿ ಮಾತಾಡುವ ಅಧಿಕಾರಿ. ಅಕ್ಕ ಮೇಜಿನ ಹತ್ತಿರ ಬಂದದ್ದೇ ತಡ, ಕಿಸೆಯಿಂದ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡ. ಅವಳ ಆಧಾರ್ ಕಾರ್ಡನ್ನು ಎರಡು ಬೆರಳ ತುದಿಯಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿದ. ಸರ್ವರ್ ನಿಧಾನ ಇದೆ, ಸೋಮವಾರ ಬನ್ನಿ ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಅಕ್ಕನ ಕೈ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಅವಳಿಗೆ ಮಾತ್ರ ಏನೂ ಆಗಿರಲಿಲ್ಲ.

"ಕುರಿ ಕಾಯೋಳ ಮೈ ಕುರಿ ವಾಸನಿನೇ ಬರ್ತದ, ಅತ್ತರ್ ವಾಸನಿ ಬರ್ತದೇನು?" ಅಂದಳು. "ಅಂವ ಮೂಗ ಮುಚ್ಚಿದ್ರ ಮುಚ್ಚಲಿ ಬಿಡು. ರೊಕ್ಕಕ್ಕ ಚೀಟಿ ಕೊಡ್ತಾನೊ ಇಲ್ಲೊ ಅಷ್ಟು ನೋಡು. ಸೋಮಾರ ಬರೋಣ ತಮ್ಮಾ."

"ಏನೂ ಬ್ಯಾಡ. ಅಂಥವನ ಮುಂದ ನೀ ಇನ್ನೊಮ್ಮಿ ನಿಂದರಬಾರದು" ಅಂದೆ.

ನಿಜ ಹೇಳಿಬಿಡುತ್ತೇನೆ. ಆ ವಾಸನೆ ನನಗೂ ಬರುತ್ತಿತ್ತು. ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಬರುವಾಗ ನಾನೇ ಗಾಳಿಯ ಕಡೆ ಮುಖ ಮಾಡಿ ಕೂತಿದ್ದೆ. ನಾನು ಮೆಲ್ಲಗೆ ಮಾಡಿದ್ದನ್ನು ಅವನು ಹತ್ತು ಜನರ ಎದುರು ಮಾಡಿಬಿಟ್ಟನಲ್ಲ ಎಂಬುದೇ ನನ್ನ ಸಿಟ್ಟು. ಅಕ್ಕನ ಮಾನ ಕಾಯುತ್ತಿದ್ದೇನೆಂದು ಹೇಳಿಕೊಂಡು ನನ್ನ ಮಾನ ಕಾಯುತ್ತಿದ್ದೆ.

ಅಲ್ಲಿಂದ ನೇರ ಸಂಘದ ಆಫೀಸಿಗೆ. ಸದಸ್ಯರ ಮನೆಯವರಿಂದಲೂ ಅಲ್ಲಿ ಠೇವಣಿ ತೆಗೆದುಕೊಳ್ಳುತ್ತಿದ್ದರು, ಬಡ್ಡಿಯೂ ಬ್ಯಾಂಕಿಗಿಂತ ತುಸು ಹೆಚ್ಚು. ಅಧ್ಯಕ್ಷ ಎದ್ದು ನಿಂತ. "ಬರ್ರಿ ಅಕ್ಕಾ, ಕುಂದ್ರಿ. ಇದು ಬ್ಯಾಂಕ್ ಅಲ್ಲರಿ, ನಿಮ್ಮ ಮನಿ ಅಂತ ತಿಳೀರಿ." ಫ್ಯಾನ್ ಹಾಕಿಸಿದ, ಚಹಾ ತರಿಸಿದ, ಕುರಿಗಳ ಯೋಗಕ್ಷೇಮ ಕೇಳಿದ. ನಮ್ಮ ಮಾತು, ನಮ್ಮ ಜನ. ನಾನು ಬೆಣ್ಣೆಯಂತೆ ಕರಗಿದೆ. ಅಕ್ಕ ಚಹಾ ಕುಡಿಯುತ್ತ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಮೂರು ತಿಂಗಳಿಗೆ ವಾರ್ಷಿಕ ಸಭೆ ಬಂತು. ನಮ್ಮ ಸಭೆ ಹೇಗಿರುತ್ತದೆಂದು ಹೇಳಲು ನಾಚಿಕೆ. ಒಂದು ಫಂಕ್ಷನ್ ಹಾಲ್. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಸದಸ್ಯರೆಲ್ಲ ಬರುತ್ತಾರೆ. ವೇದಿಕೆಯ ಮೇಲೆ ಲೆಕ್ಕಪತ್ರ ಓದುತ್ತಿರುತ್ತಾರೆ, ಅತ್ತ ಯಾರ ಕಿವಿಯೂ ಇರುವುದಿಲ್ಲ. ಎಲ್ಲರ ಮೂಗು ಬಗಾರ ಅನ್ನದ ಕಡೆ, ಎಲ್ಲರ ಕಣ್ಣು ಬಾಗಿಲ ಪಕ್ಕದ ರಟ್ಟಿನ ಡಬ್ಬಗಳ ಕಡೆ. ಈ ಸಲ ಏನು ಕೊಡುತ್ತಾರಂತೆ ಅನ್ನುವುದೊಂದೇ ಚರ್ಚೆ. ಆ ವರ್ಷ ಐದು ಲೀಟರಿನ ಕುಕ್ಕರ್ ಎಂದು ತಿಳಿದಾಗ ಹಾಲಿನಲ್ಲಿ ಮದುವೆ ಮನೆಯ ಕಳೆ ಬಂತು.

ನಿವೃತ್ತರೊಬ್ಬರು ನಡುವೆ ಎದ್ದು, ತಾಂಡೂರಿನ ಯಾವುದೋ ಸಾಲದ ಬಗ್ಗೆ ಏನೋ ಕೇಳತೊಡಗಿದರು. ಹಿಂದಿನಿಂದ ಒಬ್ಬ ಕೂಗಿದ: "ಕುಂದ್ರಿ ಸಾರ್, ಊಟ ಆರ್ತದ!" ಎಲ್ಲರೂ ನಕ್ಕರು. ಅವರು ಕೂತರು. ಕೂಗಿದವನು ನಾನು.

ಆಮೇಲೆ ಸರದಿ. ಮೇಜಿನ ಮೇಲೆ ಎರಡು ಪುಸ್ತಕ. "ಇಲ್ಲೊಂದು ಸಹಿ, ಇಲ್ಲೊಂದು ಸಹಿ" ಅಂದ ಅಲ್ಲಿ ಕೂತವನು. ಒಂದು ಕುಕ್ಕರ್ ಮುಟ್ಟಿದ್ದಕ್ಕೆ, ಇನ್ನೊಂದು ಯಾವುದಕ್ಕೆಂದು ಕೇಳಲಿಲ್ಲ. ನನ್ನ ಸಹಿ ಚೆಂದ. ಕೆಳಗೆ ಎರಡು ಗೆರೆ, ನಡುವೆ ಒಂದು ಚುಕ್ಕೆ. ಎರಡು ಕಡೆಯೂ ಗೆರೆ ಎಳೆದು, ಚುಕ್ಕೆ ಇಟ್ಟು, ಡಬ್ಬ ಕಂಕುಳಲ್ಲಿ ಇರುಕಿಕೊಂಡು ಊಟಕ್ಕೆ ನಡೆದೆ. ನನ್ನ ಹೆಂಡತಿಯ ಹತ್ತಿರ ಆಗಲೇ ಒಂದು ಕುಕ್ಕರ್ ಇತ್ತು. ದೀಪಾವಳಿಗೆ ಅಕ್ಕ ಬಂದಾಗ ಅದನ್ನು ಅವಳಿಗೆ ಕೊಟ್ಟೆ. ತಮ್ಮ ಕುಕ್ಕರ್ ಕೊಟ್ಟ ಎಂದು ಅವಳು ಊರೆಲ್ಲ ಹೇಳಿಕೊಂಡು ಬಂದಳಂತೆ.

ಬೇಸಿಗೆಗೆ ಜಾಗ ಪಾಲಾಯಿತು. ಅಕ್ಕ ಹಟ್ಟಿ ಕಟ್ಟಲು ಗೌಂಡಿಯನ್ನು ಗೊತ್ತುಮಾಡಿ ನನಗೆ ಫೋನ್ ಮಾಡಿದಳು. ಸಂಘಕ್ಕೆ ಹೋದೆ. "ಕುಂದ್ರಿ, ಚಹಾ ಕುಡೀರಿ, ಮುಂದಿನ ವಾರ ನೋಡೋಣ" ಅಂದರು. ಮುಂದಿನ ವಾರವೂ ಚಹಾ. ಅದರ ಮುಂದಿನ ವಾರವೂ ಚಹಾ. ಆರನೆಯ ಸಲ ಆ ಚಹಾದ ಲೋಟ ಕಂಡರೇ ವಾಕರಿಕೆ ಬರುವಂತಾಗಿತ್ತು. ಕಚೇರಿಯ ಗತ್ತಿನ ಧ್ವನಿಯಲ್ಲೇ ಕೇಳಿದೆ: "ಯಾವ ಕಾನೂನಿನ ಪ್ರಕಾರ ಕೊಡಲ್ಲ ಅಂತೀರಿ? ಕಾಗದ ತೋರಿಸ್ರಿ."

ಅಧ್ಯಕ್ಷ ಮುಗುಳ್ನಗುತ್ತ ಒಂದು ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದ. ತೆಲುಗಿನಲ್ಲಿ ವಾರ್ಷಿಕ ಸಭೆಯ ಠರಾವು. ತಾಂಡೂರಿನ ಒಂದು ಕಲ್ಲು ಪಾಲಿಶ್ ಕಾರ್ಖಾನೆಗೆ ಕೊಟ್ಟ ಸಾಲದ ಗಡುವನ್ನು ಮುಂದೂಡಲಾಗಿದೆ. ಅದು ವಸೂಲಾಗುವ ತನಕ ಸದಸ್ಯರಲ್ಲದವರ ಠೇವಣಿಯನ್ನು ಚಿಕ್ಕ ಕಂತುಗಳಲ್ಲಷ್ಟೇ ಹಿಂತಿರುಗಿಸತಕ್ಕದ್ದು. ಸಭೆ ಒಮ್ಮತದಿಂದ ಒಪ್ಪಿದೆ. ಕಾರ್ಖಾನೆ ಅವನ ಅಳಿಯನದು ಎಂದು ಇಡೀ ಜಹೀರಾಬಾದಿಗೆ ಗೊತ್ತು. ಪುಟ ತಿರುವಿದೆ. ಒಪ್ಪಿದವರ ಸಹಿಗಳು. ಅವುಗಳ ನಡುವೆ ಎರಡು ಗೆರೆ, ಒಂದು ಚುಕ್ಕೆ.

"ನಿಮ್ಮದೇ ಅಲ್ಲರಿ?" ಅಂದ. "ಸಂಘ ಅಂದ್ರ ನೀವೇ ಮಾಲಕರು. ನೀವೇ ಒಪ್ಪೀರಿ."

ಅಕ್ಕನ ಹಟ್ಟಿಗೆ ಕಲ್ಲು ತರಬೇಕಾದ ರೊಕ್ಕ ತಾಂಡೂರಿಗೇನೋ ಹೋಗಿತ್ತು, ಇನ್ಯಾರದೋ ಕಲ್ಲು ಹೊಳೆಯಲಿಕ್ಕೆ. ಅವನ ಮುಖಕ್ಕೆ ಉಗುಳಬೇಕೆನ್ನಿಸಿತು. ಆದರೆ ಬಾಯಲ್ಲಿ ಅವನದೇ ಚಹಾ ಇತ್ತು. ಗುಟುಕರಿಸಿ ಎದ್ದು ಬಂದೆ. ಅವನು ಕಳ್ಳ, ಸರಿ. ಕಳ್ಳನಿಗೆ ಬಾಗಿಲು ತೆಗೆದು ಅವನಿಂದ ಕುಕ್ಕರ್ ಇನಾಮು ಪಡೆದವನನ್ನು ಏನೆಂದು ಕರೆಯಬೇಕು?

ಅಕ್ಕನಿಗೆ ಹೇಳುವ ಧೈರ್ಯವಾಗಲಿಲ್ಲ. ಸಂಘದವರು ನನಗೆ ಚಹಾ ಕುಡಿಸಿದ ಹಾಗೆಯೇ ನಾನೂ ಅವಳಿಗೆ ಈ ವಾರ, ಆ ವಾರ ಎನ್ನುತ್ತ ಬಂದೆ. ಗೌಂಡಿ ಬೇರೆ ಕೆಲಸಕ್ಕೆ ಹೋದ. ಜೂನಿನಲ್ಲಿ ಮಿರುಗದ ಮಳೆ ಹಿಡಿದು ಒಂದು ವಾರ ಬಿಡಲಿಲ್ಲ. ಏಳು ಮರಿ ಸತ್ತವು.

ಆ ಸುದ್ದಿ ಕೇಳಿ ನಾರಾಯಣಖೇಡದ ಮೇಲೆ ಹಾದುಹೋಗುವ ಬಸ್ ಹಿಡಿದು ಹೋದೆ. ದೊಡ್ಡಿಯಲ್ಲಿ ಮೊಣಕಾಲುದ್ದ ಕೆಸರು. ಉಳಿದ ಮರಿಗಳನ್ನು ಅಕ್ಕ ಮನೆಯೊಳಗೇ ತಂದು ಕಟ್ಟಿದ್ದಳು. ಒಲೆಯ ಮೇಲೆ ಆ ಕುಕ್ಕರ್ ಇತ್ತು. ಸಂಘದ ಹೆಸರು ಮಸಿ ಹಿಡಿದೂ ಎದ್ದು ಕಾಣುತ್ತಿತ್ತು. ಅದು ಸೀಟಿ ಹೊಡೆದಾಗಲೆಲ್ಲ ಮರಿಗಳು ಬೆಚ್ಚುತ್ತಿದ್ದವು. ನಾನು ನೆಲ ನೋಡುತ್ತ ಎಲ್ಲ ಹೇಳಿದೆ. ಸಭೆ, ಸಹಿ, ಕುಕ್ಕರ್, ಎಲ್ಲ.

"ಓದಿದ್ದಿಲ್ಲೇನು?" ಅಂದಳು.

"ಇಲ್ಲ."

"ನೀನು? ಓದಿದ್ದಿಲ್ಲೇನು?"

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಕುಕ್ಕರ್ ಇಳಿಸಿ ಅದರಲ್ಲೇ ಬೆಂದ ತೊಗರಿಬೇಳೆಯನ್ನು ರೊಟ್ಟಿಯ ಜೊತೆ ನನಗೆ ಬಡಿಸಿದಳು. ನನ್ನ ಪಿಎಫ್ ರೊಕ್ಕ ತೆಗೆದು ಕೊಡುತ್ತೇನೆ, ಸಂಘದ ಕಂತು ಬಂದಾಗ ನಾನು ಇಟ್ಟುಕೊಳ್ಳುತ್ತೇನೆ ಅಂದೆ. ಮರಿಯೊಂದನ್ನು ಒಲೆಯ ಹತ್ತಿರಕ್ಕೆ ಸರಿಸಿ ಅಂದಳು: "ಕೊಡು. ಆದ್ರ ನನ್ನ ಕೈಯಾಗ ಬ್ಯಾಡ. ಆ ಮೂಗ ಮುಚ್ಚಿದಂವನ ಬ್ಯಾಂಕಿನಾಗ ಹಾಕು."

ರೊಕ್ಕ ಕೈಗೆ ಬಂದ ಮೇಲೆ ಇಬ್ಬರೂ ಮತ್ತೆ ಅದೇ ಬ್ಯಾಂಕಿಗೆ ಹೋದೆವು. ಅದೇ ಗುಟ್ಕಾ ಕಲೆ, ಅದೇ ಪೆನ್ನಿಲ್ಲದ ದಾರ, ಅದೇ ಅಧಿಕಾರಿ. ಅಕ್ಕ ಹತ್ತಿರ ಬಂದೊಡನೆ ಅದೇ ಕರವಸ್ತ್ರ. ಈ ಸಲ ಸರ್ವರ್ ನಡೆಯುತ್ತಿತ್ತು. ಹೆಬ್ಬೆಟ್ಟು ಒತ್ತುವವರಿಗೆ ಅರ್ಜಿಯನ್ನು ಓದಿ ಹೇಳಬೇಕು, ನೀವೇ ಓದಿ ಹೇಳಿ ಎಂದು ಅವನು ಕಾಗದವನ್ನು ನನ್ನ ಕಡೆ ತಳ್ಳಿದ. ನನ್ನ ದಿನನಿತ್ಯದ ಕೆಲಸ. ಕನ್ನಡಕ ಹಾಕಿಕೊಂಡು ಗಂಟಲು ಸರಿಮಾಡಿಕೊಂಡೆ.

ಅಕ್ಕ ನನ್ನ ಕೈಯಿಂದ ಆ ಕಾಗದ ತೆಗೆದುಕೊಂಡು ಅವನ ಮುಂದೆ ಇಟ್ಟಳು. ಸಂತೆಯಲ್ಲಿ ಟಗರು ಮಾರುವಾಗ ಆಡುವ ಅದೇ ದಖನಿಯಲ್ಲಿ, ಅದೇ ಗಟ್ಟಿ ಧ್ವನಿಯಲ್ಲಿ ಅಂದಳು: "ಇನೋ ನಕ್ಕೋ ಸಾಬ್. ತುಮೀಚ್ ಪಢೋ." ಇವ ಬೇಡ, ನೀವೇ ಓದ್ರಿ ಅಂತ.

ಅವನು ನನ್ನ ಮುಖ ನೋಡಿದ. ಆಮೇಲೆ ಕರವಸ್ತ್ರವನ್ನು ಮೇಜಿನ ಮೇಲಿಟ್ಟು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದತೊಡಗಿದ. ಅಕ್ಕ ಮುಂದಕ್ಕೆ ಬಾಗಿ, ಒಂದೊಂದು ಸಾಲಿಗೂ ಹೂಂ ಅನ್ನುತ್ತ ಕೇಳಿದಳು. ಕೊನೆಯ ಸಾಲು ಮುಗಿದ ಮೇಲೆ ಹೆಬ್ಬೆಟ್ಟು ಒತ್ತಿದಳು. ನನ್ನ ಕಡೆ ತಿರುಗಿ ನೋಡಲಿಲ್ಲ.