ಮಮಾಸಾಲಿ ತೋಡಿದ ಕಾಲುವೆ

ವಸಂತ ಬಂತೆಂದರೆ ಮಮಾಸಾಲಿ ಗುದ್ದಲಿ ಹೆಗಲಿಗೇರಿಸಿ ಒಣ ಕಾಲುವೆಗೆ ಇಳಿಯುತ್ತಿದ್ದ. ನೀರಿಲ್ಲದ ಕಾಲುವೆಯ ಹೂಳೆತ್ತುವ ಮುದುಕನನ್ನು ಕಂಡು ಬಾತ್ಕೆನ್ ಗುಡ್ಡದ ಮೇಲೂರಿನವರು ನಗುತ್ತಿದ್ದರು. ನಕ್ಕವರ ಬಾಯಿಗೆ ಮಣ್ಣು ಬೀಳಲಿ! ಅವನಿಗೇನೂ ಹುಚ್ಚು ಹಿಡಿದಿರಲಿಲ್ಲ. ಅಜ್ಜಂದಿರ ಕಾಲದಿಂದ ನಡೆದು ಬಂದ ಕಟ್ಟಳೆ ಅದು. ತನ್ನ ಪಾಲಿನ ಕಾಲುವೆಯ ಹೂಳೆತ್ತಿದವನಿಗೆ ನೀರಿನ ಸರದಿ ಉಂಟು; ಒಂದು ವಸಂತ ಕೈಬಿಟ್ಟನೋ, ಸರದಿ ಹೋಯಿತು.

ಅವನ ಊರು ಕಾಲುವೆಯ ಬಾಲದಲ್ಲಿತ್ತು. ಮೇಲಿನವರು ಹೊಸ ಹೊಲ ಮಾಡಿ, ಪಂಪು ಇಟ್ಟು ಹೀರತೊಡಗಿದ ಮೇಲೆ ಬಾಲಕ್ಕೆ ಹನಿ ಇಳಿಯಲಿಲ್ಲ. ಅಕ್ಕಪಕ್ಕದವರು ಮನೆಗೆ ಬೀಗ ಜಡಿದು ರಷ್ಯಾಕ್ಕೆ ಕೂಲಿಗೆ ಹೋದರು. ಅವರ ಪಾಲನ್ನೂ ಇವನೇ ತೋಡಿದ. ಮಧ್ಯೆ ಎಲ್ಲಾದರೂ ಕಟ್ಟಿಕೊಂಡರೆ, ತನ್ನ ಜರ್ದಾಳು ಹಣ್ಣಿನ ತೋಟಕ್ಕೆ ನೀರು ಬರುವುದು ಹೇಗೆ?

ತೋಟದಲ್ಲಿ ಉಳಿದದ್ದು ನಾಲ್ಕೇ ಮರ. ಅಪ್ಪ ನೆಟ್ಟವು. ಪಾತ್ರೆ ತೊಳೆದ ನೀರನ್ನು ಹೆಂಡತಿ ಉಲ್ಕಾನ್ ಅವಕ್ಕೆ ಹೊಯ್ಯುತ್ತಿದ್ದಳು, ಅದೂ ಸರದಿ ಪ್ರಕಾರ.

"ಇವತ್ತು ಯಾರ ಸರದೀನೋ ಮುದುಕಪ್ಪಾ?"

"ಗೋಡೆ ಪಕ್ಕದ್ದು. ನಿನ್ನೆ ಬಾಗಿಲ ಹತ್ತಿರದ್ದು ಕುಡೀತಲ್ಲ, ಮರೆತ್ಯಾ?"

"ಬೋಗುಣಿ ನೀರಿಗೂ ಕಾನೂನು ಮಾಡ್ದೋನು ನೀನೊಬ್ನೇ!"

ಸರದಿ ಪ್ರಕಾರ ನೀರು ಹಂಚುವ ನೀರುಗಂಟಿ ಎರ್ಗೇಶ್ ಕತ್ತೆಯ ಮೇಲೆ ಆ ಕಡೆ ಬಂದಾಗಲೆಲ್ಲ ಕೂಗುತ್ತಿದ್ದ: "ತೋಡು ಅಣ್ಣಾ, ತೋಡು! ಕಾಲುವೆ ಚೊಕ್ಕಟವಾಗಿದ್ರೆ ನಿನ್ನ ಸರದಿ ತಪ್ಸೋಕೆ ಯಾರಪ್ಪನಿಂದ್ಲೂ ಆಗಲ್ಲ."

"ನಿನ್ನ ಕತ್ತೆ ನಿನಗಿಂತ ಮೊದ್ಲು ನೀರು ತರುತ್ತೆ ಹೋಗೋ" ಎನ್ನುತ್ತಿದ್ದ ಮಮಾಸಾಲಿ. ಅಂದರೂ ಗುದ್ದಲಿ ಬೀಳುವ ಸದ್ದು ಜೋರಾಗುತ್ತಿತ್ತು.

ಒಂದು ವಸಂತದಲ್ಲಿ ಎರ್ಗೇಶ್ ಇಬ್ಬರು ಹೊಸಬರನ್ನು ಕರೆತಂದ. ಅಳೆಯುವ ಟೇಪು ಹಿಡಿದು ಅವರು ಕಾಲುವೆಯುದ್ದಕ್ಕೂ ನಡೆದರು. ದಪ್ಪ ಮೀಸೆಯವನು ನಿಂತು, "ಯಾರು ತೋಡಿದ್ದು ಇದನ್ನ? ದಾರ ಹಿಡಿದ ಹಾಗಿದೆ!" ಎಂದ.

ಮಮಾಸಾಲಿಯ ಕಣ್ಣು ತುಂಬಿತು. ಅಷ್ಟು ವರ್ಷಗಳಲ್ಲಿ ಯಾರೂ ಕೇಳಿರದ ಮಾತು. ಮನೆಗೆ ಓಡಿ ಬಂದು, "ಮುದುಕಿ, ಕೋಳಿ ಕುಯ್ಯಿ! ನೀರು ಬರುತ್ತೆ!" ಎಂದ.

"ಇರೋದೇ ಒಂದು ಕೋಳಿ ಕಣೋ."

"ಕುಯ್ಯೇ ಅಂದ್ರೆ!"

ಅತಿಥಿಗಳು ಪಲಾವು ಉಂಡು, ಕೈಯೆತ್ತಿ ಹರಸಿ ಹೋದರು. ಎರ್ಗೇಶ್ ಮಾತ್ರ ತಲೆ ತಗ್ಗಿಸಿ ಉಂಡ, ಒಂದೂ ತಮಾಷೆ ಮಾಡಲಿಲ್ಲ. ಆಗಲೇ ತಿಳಿಯಬೇಕಿತ್ತು.

ವಾರ ಕಳೆದು ಲಾರಿಗಳು ಬಂದವು, ಪೈಪುಗಳು ಬಂದವು. ಕೆಲಸಗಾರರ ಜೊತೆ ಮಮಾಸಾಲಿಯೂ ಹಗ್ಗ ಹಿಡಿದು ಪೈಪುಗಳನ್ನು ಕಾಲುವೆಗೆ ಇಳಿಸಿದ. ತನ್ನ ತೋಟದ ಹತ್ತಿರ ಬಂದಾಗ ಕೇಳಿದ:

"ನನ್ನ ತೋಟಕ್ಕೆ ನೀರು ಬಿಡೋ ತೂಬು ಎಲ್ಲಿ ಇಡ್ತೀರಪ್ಪಾ? ಈ ಕಲ್ಲಿನ ಹತ್ರ ಇಟ್ರೆ ಒಳ್ಳೇದು."

"ಯಾವ ತೂಬು ಅಜ್ಜಾ?" ಎಂದ ಮೀಸೆಯವನು. "ಇದು ಮೇಲಿಂದ ನೇರ ಕೆಳಗೆ ಬಯಲಲ್ಲಿರೋ ಹೊಸ ದ್ರಾಕ್ಷಿ ತೋಟಕ್ಕೆ. ಮಧ್ಯೆ ಎಲ್ಲೂ ಬಾಯಿ ಇಲ್ಲ. ನೀವು ತೋಡಿಟ್ಟಿದ್ರಿ ನೋಡಿ, ಅರ್ಧ ಕೆಲಸ ಉಳೀತು. ದೇವರು ನಿಮಗೆ ಒಳ್ಳೇದು ಮಾಡ್ಲಿ."

ಅವನು ಅಣಕಿಸಿರಲಿಲ್ಲ, ನಿಜವಾಗಿಯೇ ಹರಸಿದ್ದ. ಅದೇ ಹೊಟ್ಟೆ ಉರಿಸುವುದು!

ಮಮಾಸಾಲಿ ದಡದ ಮೇಲೆ ಕತ್ತೆಯ ಪಕ್ಕ ನಿಂತಿದ್ದ ಎರ್ಗೇಶನ ಕಡೆ ತಿರುಗಿದ. "ನನ್ನ ಸರದಿ ಎಲ್ಲಯ್ಯಾ?"

ಎರ್ಗೇಶ್ ಕತ್ತೆಯ ಹಗ್ಗ ಬಿಚ್ಚಿದ, ಮತ್ತೆ ಕಟ್ಟಿದ. "ತೆರೆದ ಕಾಲುವೆ ನೀರಾದ್ರೆ ನಾನು ಹಂಚ್ತಿದ್ದೆ ಅಣ್ಣಾ. ಪೈಪಿನೊಳಗಿನ ನೀರಿಗೆ ನಾನು ಯಾರು?"

"ತೋಡು ತೋಡು ಅಂದೋನು ನೀನು."

"ಅವಾಗ ನಂಬಿದ್ದೆ ಅಣ್ಣಾ. ದೇವರಾಣೆ ನಂಬಿದ್ದೆ."

ಸಂಜೆಯೊಳಗೆ ಮಣ್ಣು ಮುಚ್ಚಿದರು. ಅಷ್ಟು ವರ್ಷ ಅವನೇ ಎತ್ತಿ ದಡಕ್ಕೆ ಹಾಕಿದ್ದ ಹೂಳು, ಅದನ್ನೇ ತಳ್ಳಿ ಮುಚ್ಚಿದರು.

ಮರುವಸಂತ ಉಲ್ಕಾನ್ ಬೋಗುಣಿ ಹಿಡಿದು ಹೊರಗೆ ಬಂದಾಗ ಅವನು ಹೊಸ್ತಿಲ ಮೇಲೆ ಕೂತಿದ್ದ. ಗುದ್ದಲಿ ಮೂಲೆಯಲ್ಲಿ ತುಕ್ಕು ಹಿಡಿದಿತ್ತು.

"ಇವತ್ತು ಯಾರ ಸರದೀನೋ ಮುದುಕಪ್ಪಾ?"

"ಯಾವುದಕ್ಕಾದ್ರೂ ಹಾಕು."

ಜಗಳಕ್ಕಾದರೂ ಏನಾದರೂ ಅಂದಾನು ಎಂದು ಅವಳು ಕಾದಳು. ಬೋಗುಣಿ ಹಿಡಿದು, ಮರಗಳ ನಡುವೆ, ನಿಂತೇ ಇದ್ದಳು.